240ಝಡ್‌ಗೆ ಎಲ್‌ಎಸ್1: ಎರಡು ಹಾರ್ನೆಸ್, ಒಂಬತ್ತು ತಂತಿ

ಡಾಟ್ಸನ್ 240ಝಡ್ ಎಂಬ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರಿನ ವೈರಿಂಗ್‌ಗೆ ಐವತ್ತು ವರ್ಷ ದಾಟಿದೆ, ಅದನ್ನು ಕಿತ್ತೆಸೆದು ಇಡೀ ಕಾರಿಗೆ ಹೊಸದನ್ನು ಎಳೆಯದೆ ಅದರಲ್ಲಿ ಜನರಲ್ ಮೋಟಾರ್ಸ್‌ನ (ಜಿಎಂ) ಎಲ್‌ಎಸ್1 ವಿ8 ಎಂಜಿನ್ ಓಡಿಸಲಾಗದು ಎಂದೇ ಎಲ್ಲರೂ ಹೇಳಿದ್ದು. ಸ್ಯಾನ್ ಹೋಸೆ ಕಡೆಯ ಒಬ್ಬ ಮೆಕ್ಯಾನಿಕ್ ವೈರಿಂಗ್ ಒಂದಕ್ಕೇ 2,800 ಡಾಲರ್ ಆಸುಪಾಸು ಕೇಳಿದ. ನನ್ನ 1972ರ ಕಾರು ಈಗ ಎರಡನೆಯ ಬೇಸಿಗೆಯನ್ನೂ ದಾಟಿದೆ. ಮೂಲ ಹಾರ್ನೆಸ್‌ನ (ತಂತಿಗಳ ಕಟ್ಟಿನ) ಒಂದು ತಂತಿಗೂ ನಾನು ಕತ್ತರಿ ಹಾಕಿಲ್ಲ. ಇದುವರೆಗೆ ಒಂದು ಫ್ಯೂಸ್ ಕೂಡ ಹೋಗಿಲ್ಲ.

ನನ್ನ ಪಟ್ಟು ಇಷ್ಟೇ: ಎರಡು ಹಾರ್ನೆಸ್‌ಗಳು ಒಂದೇ ಒಂದು ಜಾಗದಲ್ಲಿ ಸೇರಬೇಕು. ಎಂಜಿನ್ನಿನ ಉಸಾಬರಿಯೆಲ್ಲ ಜಿಎಂ ಹಾರ್ನೆಸ್‌ಗೆ. ದೀಪ, ವೈಪರ್, ಹಾರ್ನ್, ಮೀಟರುಗಳು ಡಾಟ್ಸನ್‌ಗೆ. ನಡುವೆ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಬಳಿ 12 ಪಿನ್ನಿನ ಒಂದು ಡಾಯ್ಚ್ ಕನೆಕ್ಟರ್. ಅದರಲ್ಲಿ ಬಳಕೆಯಾದದ್ದು ಒಂಬತ್ತು: ಇಗ್ನಿಷನ್, ಸ್ಟಾರ್ಟ್, ಪೆಟ್ರೋಲ್ ಪಂಪ್, ಟ್ಯಾಕೋಮೀಟರ್ (ಎಂಜಿನ್ ಸುತ್ತು ತೋರಿಸುವ ಮೀಟರ್), ಎಂಜಿನ್ ಶಾಖ, ಆಯಿಲ್ ಒತ್ತಡ, ರಿವರ್ಸ್ ದೀಪ, ಬ್ರೇಕ್ ದೀಪ, ಚೆಕ್ ಎಂಜಿನ್ ದೀಪ. ಭಾರಿ ಕರೆಂಟಿನ ತಂತಿಗಳು ಇದರೊಳಗೆ ಹಾಯುವುದಿಲ್ಲ. ಅವು ಬ್ಯಾಟರಿಯಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಪೆಟ್ಟಿಗೆಗೆ ನೇರವಾಗಿ ಹೋಗುತ್ತವೆ. ಎಂಜಿನ್ ಮೌಂಟ್, ಆಯಿಲ್ ಪ್ಯಾನ್‌ಗಳಿಗೆ ಸಿದ್ಧ ಕಿಟ್‌ಗಳಿರುವುದರಿಂದ ಆ ಸುದ್ದಿಗೆ ಹೋಗುವುದಿಲ್ಲ.

ಜಿಎಂ ಹಾರ್ನೆಸ್ ಮತ್ತು ಪಿಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಎರಡನ್ನೂ ಎಲ್‌ಎಸ್1 ಇದ್ದ ಒಂದೇ ಕಾರಿನಿಂದ ತೆಗೆದುಕೊಳ್ಳಿ. 1999ರಿಂದ 2002ರ ಕಮಾರೊ ಆದರೆ ಚೆನ್ನ: 80 ಪಿನ್ನಿನ ಎರಡು ಕನೆಕ್ಟರ್, ಕೇಬಲ್ಲಿನ ಥ್ರಾಟಲ್. ಮೊದಲು ಒಬ್ಬ ಮಾರಾಟಗಾರ ಕಮಾರೊದ್ದೆಂದು ಕಳುಹಿಸಿದ ಹಾರ್ನೆಸ್ ಬಿಚ್ಚಿ ನೋಡಿದರೆ ಕಾರ್ವೆಟ್‌ನದು, ಎಲೆಕ್ಟ್ರಾನಿಕ್ ಥ್ರಾಟಲ್‌ಗೆ ಮಾಡಿದ್ದು. ಮರುಮಾರಾಟದಲ್ಲಿ ನೂರು ಡಾಲರ್‌ನಷ್ಟು ಕೈಬಿಟ್ಟಿತು. ಎರಡನೆಯದನ್ನು ಅಪಘಾತದಲ್ಲಿ ಹಿಂಬದಿ ಜಜ್ಜಿಹೋದ ಕಾರಿನಿಂದ ನಾನೇ ಬಿಚ್ಚಿ ತಂದೆ. ಪಿಸಿಎಂ ಸೇರಿ 250ರ ಒಳಗೆ ಸಿಕ್ಕಿತು.

ಆಮೇಲೆ ತೆಳುಮಾಡುವ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆ ಇಲ್ಲ. ಆದ್ದರಿಂದ ಹೊಗೆ ನಿಯಂತ್ರಣಕ್ಕಷ್ಟೇ ಬೇಕಾದ ಹಿಂದಿನ ಎರಡು ಆಕ್ಸಿಜನ್ ಸೆನ್ಸರ್, ಇಜಿಆರ್, ಏರ್ ಪಂಪ್ ತಂತಿಗಳನ್ನು ತೆಗೆದು, ಅವುಗಳನ್ನೂ ಕಳ್ಳತನ ತಡೆಯನ್ನೂ ಪಿಸಿಎಂ ಪ್ರೋಗ್ರಾಮ್‌ನಲ್ಲಿ ನಿಷ್ಕ್ರಿಯಗೊಳಿಸಿದೆ. 1976ರ ಅಥವಾ ಆಮೇಲಿನ ಕಾರಿರುವವರು ಇದನ್ನು ಅನುಸರಿಸಬೇಡಿ. ತಂತಿಯನ್ನು ನಡುವೆ ಕತ್ತರಿಸಬೇಡಿ; ಪಿನ್ನನ್ನೇ ಕನೆಕ್ಟರ್‌ನಿಂದ ಹೊರಗೆಳೆಯಿರಿ. ಗ್ಯಾರೇಜಿನ ನೆಲದ ಮೇಲೆ ಹರಡಿ, ಎರಡೂ ತುದಿಗೆ ಕಾಗದದ ಟೇಪ್ ಸುತ್ತಿ ಹೆಸರು ಬರೆದು, ಮಲ್ಟಿಮೀಟರ್ ಹಿಡಿದು ಒಂದೊಂದನ್ನೇ ಖಚಿತಪಡಿಸಿಕೊಂಡೆ.

ಬಣ್ಣವನ್ನು ನಂಬಿದವರು ಕೆಟ್ಟರು. ಡಾಟ್ಸನ್‌ನಲ್ಲಿ ಬಿಳಿ ಗೆರೆಯ ಕಪ್ಪು ತಂತಿ ಎಂದರೆ ಇಗ್ನಿಷನ್‌ನ ಜೀವಂತ 12 ವೋಲ್ಟ್. ಈ ಜಿಎಂ ಹಾರ್ನೆಸ್‌ನಲ್ಲಿ ಅದೇ ಬಿಳಿ ಗೆರೆಯ ಕಪ್ಪು ತಂತಿ ಅರ್ಥ್ (ಬ್ಯಾಟರಿಯ ನೆಗೆಟಿವ್). ಬಣ್ಣಕ್ಕೆ ಬಣ್ಣ ಕೂಡಿಸಿದರೆ ಕೀಲಿ ತಿರುಗಿಸಿದ ಕ್ಷಣವೇ ಹೊಗೆ. ಜಿಎಂನಲ್ಲಿ ಗುಲಾಬಿ ಇಗ್ನಿಷನ್, ಕಿತ್ತಳೆ ಸದಾ ಜೀವಂತ. ಇನ್ನೊಂದು ವಿಷಯ: ಪೆಟ್ರೋಲ್ ಪಂಪ್ ರಿಲೇಗೆ ಪಿಸಿಎಂ ಕೊಡುವುದು 12 ವೋಲ್ಟ್, ಫ್ಯಾನ್ ರಿಲೇಗಳಿಗೆ ಕೊಡುವುದು ಅರ್ಥ್. ಎರಡನ್ನೂ ಒಂದೇ ರೀತಿ ಜೋಡಿಸಿ ತಲೆ ಚಚ್ಚಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಹೆಚ್ಚು ಸತಾಯಿಸಿದ್ದು ಸ್ಟಾರ್ಟಿಂಗ್. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಸೋತು ಕೀಲಿ ಬಿಟ್ಟೊಡನೆ ಒಮ್ಮೊಮ್ಮೆ ಕೆಮ್ಮಿ ಹಿಡಿಯುತ್ತಿತ್ತು. ನೋಡಲು ಬಂದ ಗೆಳೆಯರೆಲ್ಲ ಎಂಜಿನ್ ತಿರುಗುವುದನ್ನು ಪಿಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಹೋಗಿದೆ ಎಂದರು. ಆ ಸೆನ್ಸರ್ ಕೈಗೆ ಸಿಗಬೇಕಾದರೆ ಸ್ಟಾರ್ಟರ್ ಕಳಚಬೇಕು, ನಾನು ಒಪ್ಪಲಿಲ್ಲ. ಕೀಲಿ ಬಿಟ್ಟಾಗ ಹಿಡಿಯುತ್ತದೆ ಎಂದರೆ ಸ್ಟಾರ್ಟ್ ಸ್ಥಾನದಲ್ಲಿ ಪಿಸಿಎಂಗೆ ವಿದ್ಯುತ್ ಇಲ್ಲ ಎಂದೇ ಅರ್ಥ. ಫ್ಯೂಸ್ ಪೆಟ್ಟಿಗೆಯಿಂದ ತಂದಿದ್ದ ತಂತಿಗೆ ಮೀಟರ್ ಹಿಡಿದು ಹೆಂಡತಿಗೆ ಕೀಲಿ ತಿರುಗಿಸಲು ಹೇಳಿದೆ. ಆನ್‌ನಲ್ಲಿ 12ಕ್ಕೂ ಮೇಲೆ, ಸ್ಟಾರ್ಟ್‌ನಲ್ಲಿ ಸೊನ್ನೆ! ಎರಡೂ ಸ್ಥಾನದಲ್ಲಿ ಜೀವಂತವಾಗಿರುವ ತಂತಿಯನ್ನು ಹುಡುಕಿದರೆ, ಹಳೆಯ ಸ್ವಿಚ್ಚಿನ ದೆಸೆಯಿಂದ ಅದರಲ್ಲೂ ಒಂದೂವರೆ ವೋಲ್ಟ್‌ನಷ್ಟು ಕುಸಿತ. ಅದನ್ನು ರಿಲೇ ಎಳೆಯಲು ಮಾತ್ರ ಇಟ್ಟುಕೊಂಡು, ಆ ರಿಲೇ ಮೂಲಕ ಪಿಸಿಎಂಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟೆ. ಅರ್ಧ ಸುತ್ತಿಗೇ ಎಂಜಿನ್ ಹಿಡಿಯಿತು.

240ಝಡ್‌ನ ಆಮ್‌ಮೀಟರ್ ವಿಷಯದಲ್ಲಿ ಉದಾಸೀನ ಬೇಡ. ಸ್ಟಾರ್ಟರ್‌ನದು ಬಿಟ್ಟರೆ ಕಾರಿನ ಕರೆಂಟೆಲ್ಲ ಡ್ಯಾಶ್‌ಬೋರ್ಡ್ ಒಳಗಿನ ಆ ಮೀಟರ್ ಮೂಲಕವೇ ಹಾಯುತ್ತದೆ. ಹಳೆಯ ಆಲ್ಟರ್ನೇಟರ್ 50 ಆಂಪಿಯರ್ ಸುಮಾರಿನದು, ಎಲ್‌ಎಸ್1ನದು 105. ಹಾಗೆಯೇ ಬಿಟ್ಟರೆ ಬೆಂಕಿ ಹತ್ತಬಹುದು. ಮೀಟರ್ ಕಳಚಿ, ತಂತಿಯ ಎರಡು ತುದಿಗಳನ್ನು ಒಂದಾಗಿಸಿ, ಆ ಜಾಗಕ್ಕೆ ವೋಲ್ಟ್‌ಮೀಟರ್ ಹಾಕಿದೆ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ದಪ್ಪ ಕೇಬಲ್, ನಡುವೆ ದೊಡ್ಡ ಫ್ಯೂಸ್. ಆಲ್ಟರ್ನೇಟರ್‌ನ ಎಲ್ ಪಿನ್ನಿಗೆ ನೇರ 12 ವೋಲ್ಟ್ ಕೊಡಬೇಡಿ, ರೆಗ್ಯುಲೇಟರ್ ಸುಡುತ್ತದೆ. ಬಲ್ಬ್ ಅಥವಾ ರೆಸಿಸ್ಟರ್ ಮೂಲಕ ಕೊಡಿ.

ಟ್ಯಾಕೋಮೀಟರ್ ಬೇರೆಯದೇ ಕಥೆ. ಹಳೆಯದು ಕಾಯಿಲ್‌ನ ಕರೆಂಟನ್ನು ಅಳೆಯುವಂಥದ್ದು. ಪಿಸಿಎಂ ಕೊಡುವುದು ವೋಲ್ಟೇಜ್ ಮಿಡಿತ, ಅದೂ ಸುತ್ತಿಗೆ ಎರಡೇ. ಆರು ಸಿಲಿಂಡರ್‌ನ ಟ್ಯಾಕೋಗೆ ಬೇಕಾದದ್ದು ಮೂರು. ಹಾಗಾಗಿ ಸರ್ಕ್ಯೂಟ್ ಬದಲಿಸಿದ ಮೇಲೂ 3,000ದಲ್ಲಿ ಮುಳ್ಳು 2,000 ತೋರಿಸುತ್ತಿತ್ತು. ಪುಲ್‌ಅಪ್ ರೆಸಿಸ್ಟರ್ (ಸಿಗ್ನಲ್ ತಂತಿಯನ್ನು ವಿದ್ಯುತ್ ಮೂಲಕ್ಕೆ ಕಟ್ಟುವ ರೆಸಿಸ್ಟರ್) ಬೇಕೇ ಬೇಕು ಎಂದಷ್ಟು ಹೇಳುತ್ತೇನೆ. ಮೂಲ ಮುಖ, ಮೂಲ ಮುಳ್ಳು ಉಳಿಸಿಕೊಂಡೇ ಲೆಕ್ಕ ಸರಿಪಡಿಸಿದ ಬಗೆ ನನ್ನಲ್ಲೇ ಇರಲಿ. ನೋಡಿದವರಲ್ಲಿ ಯಾರೂ ಇನ್ನೂ ಕಂಡುಹಿಡಿದಿಲ್ಲ. ಅರ್ಥ್ ತಂತಿಗಳನ್ನು ಸೇರಿಸಿದ ಕ್ರಮವೂ ಅಷ್ಟೆ.

ಟಿ56 ಗೇರ್‌ಬಾಕ್ಸ್‌ನ ರಿವರ್ಸ್ ಲಾಕ್ ಸೊಲೆನಾಯ್ಡ್‌ಗೆ ವಿದ್ಯುತ್ ಇಲ್ಲದಿದ್ದರೆ ರಿವರ್ಸ್ ಹಾಕಲು ತೋಳ್ಬಲ ಬೇಕು. ಅದನ್ನು ಬ್ರೇಕ್ ದೀಪದ ತಂತಿಗೆ ಸೇರಿಸಿದೆ. ಬ್ರೇಕ್ ತುಳಿದರೆ ರಿವರ್ಸ್ ಬೆಣ್ಣೆಯಂತೆ ಬೀಳುತ್ತದೆ.

ಕ್ರಿಂಪಿಂಗ್ ಉಪಕರಣ, ಪಿನ್ನು, ರಿಲೇ, ಹೀಟ್ ಶ್ರಿಂಕ್ ಎಲ್ಲ ಸೇರಿ ಇನ್ನೂ 300 ಡಾಲರ್ ಹೋಗಿರಬಹುದು. ಅದರಲ್ಲಿ 80ರಷ್ಟು ಅಗ್ಗದ ಕನೆಕ್ಟರ್ ಕಿಟ್‌ಗೆ ದಂಡ. ಎಂಜಿನ್ ಶಾಖಕ್ಕೆ ಅದರ ಸೀಲ್‌ಗಳು ಬಿರಿದುಹೋದವು. ಕಾರ್ವೆಟ್ ಹಾರ್ನೆಸ್‌ನ ನಷ್ಟ ಸೇರಿಸಿದರೂ 700 ಮುಟ್ಟಿಲ್ಲ.

ಉಳಿದಿರುವುದು ಸ್ಪೀಡೋಮೀಟರ್. ಡಾಟ್ಸನ್‌ನದು ತಿರುಗುವ ಕೇಬಲ್, ಟಿ56ನದು ಎಲೆಕ್ಟ್ರಾನಿಕ್ ಸೆನ್ಸರ್. ಸಿದ್ಧ ಪರಿವರ್ತಕಕ್ಕೆ 400 ಡಾಲರ್ ಸುರಿಯಲು ಮನಸ್ಸಿಲ್ಲದೆ, ಪಿಸಿಎಂ ಮೈಲಿಗೆ ಕೊಡುವ 4,000 ಮಿಡಿತಗಳಿಂದ ಒಂದು ಸ್ಟೆಪರ್ ಮೋಟಾರ್ ತಿರುಗಿಸಿ ನೋಡುತ್ತಿದ್ದೇನೆ. ಗಂಟೆಗೆ 60 ಮೈಲಿಯವರೆಗೆ ಮುಳ್ಳು ಸ್ಥಿರ, ಆಮೇಲೆ ನಡುಗುತ್ತದೆ. ದೋಷ ಮೋಟಾರಿನದಲ್ಲ, ಹಳೆಯ ಕೇಬಲ್ಲಿನದು ಎಂಬುದು ನನ್ನ ಗುಮಾನಿ; ಹೊಸ ಕೇಬಲ್ ತರಿಸಿದ್ದೇನೆ.