ಸೆಕೆಂಡೂ ತಪ್ಪದ ವಾಚು: ನೀವಿರುವ ಊರಿಗೆ ಯಾವುದು ಸರಿ?

ತಾನಾಗಿಯೇ ಟೈಮ್ ಸರಿಪಡಿಸಿಕೊಳ್ಳುವ ವಾಚು ಕೊಳ್ಳುವವರು ಮಾಡೆಲ್ಲು, ಬೆಲೆ ನೋಡುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ರಾತ್ರಿ ಈ ವಾಚು ಬಿಚ್ಚಿಡುವುದು ಯಾವ ಊರಿನಲ್ಲಿ? ಫ್ರಾಂಕ್‌ಫರ್ಟ್‌ನಲ್ಲಿ ವರ್ಷಗಟ್ಟಲೆ ಸೆಕೆಂಡೂ ತಪ್ಪದೆ ನಡೆಯುವ ವಾಚು ಹುಬ್ಬಳ್ಳಿಗೆ ಬಂದರೆ ಬರೀ ಮಾಮೂಲಿ ಕ್ವಾರ್ಟ್ಜ್ ವಾಚಾಗಿಬಿಡುತ್ತದೆ. ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ಮೊದಲು ಮಾಮೂಲಿ ಕ್ವಾರ್ಟ್ಜ್ ಎಷ್ಟು ತಪ್ಪುತ್ತದೆ ಎಂಬುದು ಗೊತ್ತಿರಲಿ. ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಕಂಪನಿಗಳು ಸಾಮಾನ್ಯವಾಗಿ ಕೊಡುವ ಭರವಸೆ ತಿಂಗಳಿಗೆ 15 ಸೆಕೆಂಡು ಹಿಂದೆ ಅಥವಾ ಮುಂದೆ, ಅಂದರೆ ದಿನಕ್ಕೆ ಅರ್ಧ ಸೆಕೆಂಡು. ತಪ್ಪಿಗೆ ದೊಡ್ಡ ಕಾರಣ ಉಷ್ಣಾಂಶ. ಹರಳನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. ಅದಕ್ಕಿಂತ ಬಿಸಿಯಾದರೂ ತಂಪಾದರೂ ಅದು ನಿಧಾನವಾಗುತ್ತದೆ, ಮತ್ತು ಅಂತರದ ವರ್ಗಕ್ಕೆ ತಕ್ಕಂತೆ (ಅಂತರ ಎರಡುಪಟ್ಟಾದರೆ ನಾಲ್ಕುಪಟ್ಟು) ತಪ್ಪು ಬೆಳೆಯುತ್ತದೆ. 40 ಡಿಗ್ರಿಯ ಕಲಬುರಗಿ ಬೇಸಿಗೆಯಲ್ಲಿ ಮೇಜಿನ ಮೇಲೆ ಬಿದ್ದಿರುವ ವಾಚು ದಿನಕ್ಕೆ ಸುಮಾರು 0.6 ಸೆಕೆಂಡು ಹಿಂದೆ ಬೀಳಬಹುದು. ಕೈಯಲ್ಲೇ ಇದ್ದರೆ ಮೈಶಾಖ ಅದನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಡುತ್ತದೆ. ಹಾಗಾಗಿ ದಿನಾ ಕಟ್ಟಿಕೊಳ್ಳುವ ವಾಚೇ ಹೆಚ್ಚು ನಿಯತ್ತಾಗಿ ನಡೆಯುತ್ತದೆ. ದಿನಕ್ಕೊಮ್ಮೆ ಹೊರಗಿನಿಂದ ನಿಖರ ಸಮಯ ಸಿಕ್ಕರೆ ಈ ತಪ್ಪು ಕೂಡಿಕೊಳ್ಳುವುದೇ ಇಲ್ಲ.

ಆ ಸಮಯ ಬರುವ ದಾರಿ ಮೂರು: ದೀರ್ಘ ಅಲೆಯ ರೇಡಿಯೊ, ಜಿಪಿಎಸ್ ಉಪಗ್ರಹ, ಜೇಬಿನಲ್ಲಿರುವ ಫೋನು.

ರೇಡಿಯೊ ಸಂಕೇತ ಕೊಡುವ ಕೇಂದ್ರಗಳು ಬೆರಳೆಣಿಕೆಯಷ್ಟು. ಜರ್ಮನಿಯ ಮೈನ್‌ಫ್ಲಿಂಗೆನ್‌ನಿಂದ ಡಿಸಿಎಫ್77 (77.5 ಕಿಲೋಹರ್ಟ್ಸ್), ಇಂಗ್ಲೆಂಡಿನ ಆ್ಯಂಥಾರ್ನ್‌ನಿಂದ ಎಂಎಸ್ಎಫ್ (60), ಅಮೆರಿಕದ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಿಂದ ಡಬ್ಲ್ಯುಡಬ್ಲ್ಯುವಿಬಿ (60), ಜಪಾನಿನ ಎರಡು ಬೆಟ್ಟಗಳಿಂದ ಜೆಜೆವೈ (40 ಮತ್ತು 60), ಚೀನಾದ ಶಾಂಗ್‌ಚಿಯುನಿಂದ ಬಿಪಿಸಿ (68.5). ಕ್ಯಾಸಿಯೊ ವಾಚಿನ ಮೇಲಿನ ‘ಮಲ್ಟಿಬ್ಯಾಂಡ್ 6’ ಎಂದರೆ ಈ ಆರನ್ನೂ ಹಿಡಿಯುತ್ತದೆ ಎಂದರ್ಥ. ಇಂಥ ಕೇಂದ್ರ ಭಾರತದಲ್ಲಿಲ್ಲ. ಕೇಂದ್ರದಿಂದ ಸುಮಾರು 1,000ದಿಂದ 1,500 ಕಿಲೋಮೀಟರ್ ಒಳಗೆ ಸಂಕೇತ ನಂಬಬಹುದು. ಅಮೆರಿಕದ ಕೇಂದ್ರ ಮಾತ್ರ ಸುಮಾರು 3,000 ಕಿಲೋಮೀಟರ್ ಮುಟ್ಟುತ್ತದೆ. ಬೆಂಗಳೂರಿನಿಂದ ಶಾಂಗ್‌ಚಿಯು 4,000 ಕಿಲೋಮೀಟರಿಗೂ ದೂರ. ದುಬೈ, ಮಸ್ಕತ್‌ನಲ್ಲಿರುವ ನಮ್ಮ ಕರಾವಳಿಯವರ ಕಥೆಯೂ ಇದೇ: ಅಲ್ಲಿಗೂ ಯಾವ ಕೇಂದ್ರವೂ ಸಿಗುವುದಿಲ್ಲ.

ಆದ್ದರಿಂದ ಕರ್ನಾಟಕದಲ್ಲಿ ಇರುವವರು ಬರೀ ರೇಡಿಯೊ ಸೌಲಭ್ಯಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಕ್ಯಾಸಿಯೊದ ಜಿಡಬ್ಲ್ಯು-ಎಂ5610 ಗಟ್ಟಿಮುಟ್ಟಾದ ಸೋಲಾರ್ ವಾಚು, ಸಂಶಯವಿಲ್ಲ. ಆದರೆ ಇಲ್ಲಿ ಅದರ ನಿಖರತೆ ತಿಂಗಳಿಗೆ 15 ಸೆಕೆಂಡಿನ ಭರವಸೆಯಷ್ಟೇ. ಅದೇ ಚೌಕಾಕಾರದ ಜಿಡಬ್ಲ್ಯು-ಬಿ5600ರಲ್ಲಿ ರೇಡಿಯೊ ಜೊತೆಗೆ ಬ್ಲೂಟೂತ್ ಇದೆ. ಇಲ್ಲಿದ್ದಾಗ ಫೋನಿನಿಂದ, ವಿದೇಶಕ್ಕೆ ಹೋದಾಗ ರೇಡಿಯೊದಿಂದ ಸಮಯ ತೆಗೆದುಕೊಳ್ಳುತ್ತದೆ. ಹೆಚ್ಚಿನವರಿಗೆ ನಮ್ಮ ಮೊದಲ ಸಲಹೆ ಈ ಬಗೆಯದೇ.

ಬ್ಲೂಟೂತ್ ವಾಚಿನಲ್ಲಿ ತೊಂದರೆ ಬರುವುದು ಹೆಚ್ಚಾಗಿ ಫೋನಿನಿಂದ. ಕ್ಯಾಸಿಯೊ ವಾಚುಗಳು ದಿನಕ್ಕೆ ನಾಲ್ಕು ಸಲದವರೆಗೆ ಫೋನನ್ನು ಹುಡುಕುತ್ತವೆ. ಆ ಹೊತ್ತಿಗೆ ಫೋನಿನಲ್ಲಿ ವಾಚಿನ ಆ್ಯಪ್ ಹಿನ್ನೆಲೆಯಲ್ಲಿ ಬದುಕಿರಬೇಕು. ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಆ್ಯಪ್ ಮುಚ್ಚಿಬಿಡುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ಒಂದು ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಬ್ಲೂಟೂತ್ ಆನ್ ಇರಲಿ, ರಾತ್ರಿ ಫೋನು ವಾಚಿನಿಂದ ಒಂದೆರಡು ಮೀಟರ್ ಒಳಗಿರಲಿ. ಫೋನಿನ ತಪ್ಪೇ ವಾಚಿಗೆ ಇಳಿಯುತ್ತದೆ ಎಂಬುದನ್ನೂ ಮರೆಯಬೇಡಿ. ಫೋನಿನಲ್ಲಿ ಸ್ವಯಂಚಾಲಿತ ಸಮಯ ಆನ್ ಮಾಡಿ, ಟೈಮ್ ಡಾಟ್ ಈಸ್ (time.is) ಜಾಲತಾಣ ತೆರೆದು ಫೋನು ಎಷ್ಟು ಹಿಂದು-ಮುಂದಿದೆ ನೋಡಿ. ಮೊಬೈಲ್ ಜಾಲದಿಂದ ಬರುವ ಸಮಯ ಕೆಲವೊಮ್ಮೆ ಒಂದೆರಡು ಸೆಕೆಂಡು ತಪ್ಪಿರುತ್ತದೆ.

ಫೋನಿನ ಹಂಗು ಬೇಡ ಎನ್ನುವವರಿಗೆ ಜಿಪಿಎಸ್ ವಾಚು. ಸೀಕೊ ಆ್ಯಸ್ಟ್ರಾನ್ ಮತ್ತು ಸಿಟಿಜನ್ನಿನ ಸ್ಯಾಟಲೈಟ್ ವೇವ್ ಹೆಸರಾದವು. ಬೆಲೆ ಜಾಸ್ತಿ, ಆದರೆ ಆಕಾಶ ಕಾಣುವ ಕಡೆಯೆಲ್ಲ ಕೆಲಸ ಮಾಡುತ್ತವೆ. ಬೀದರ್ ಆದರೂ ಸರಿ, ದುಬೈ ಆದರೂ ಸರಿ. ಬರೀ ಸಮಯಕ್ಕೆ ಒಂದೇ ಉಪಗ್ರಹ ಸಾಕು, ಕೆಲವು ಸೆಕೆಂಡಿನಿಂದ ಒಂದು ನಿಮಿಷದೊಳಗೆ ಮುಗಿಯುತ್ತದೆ. ಸ್ಥಳ ಗುರುತಿಸಿ ಟೈಮ್ ಝೋನ್ ಬದಲಿಸಲು ನಾಲ್ಕು ಉಪಗ್ರಹ ಬೇಕು. ಎರಡು ನಿಮಿಷದವರೆಗೆ ಹಿಡಿಯಬಹುದು, ಚಾರ್ಜೂ ಹೆಚ್ಚು ತಿನ್ನುತ್ತದೆ. ಊರು ಬದಲಾದಾಗ ಮಾತ್ರ ಅದನ್ನು ಬಳಸಿ. ಮನೆಯೊಳಗೆ, ಎತ್ತರದ ಕಟ್ಟಡಗಳ ನಡುವೆ ಪ್ರಯತ್ನಿಸಿ ‘ಕೆಟ್ಟಿದೆ’ ಎಂದು ವಾಪಸ್ ಕೊಡುವವರಿದ್ದಾರೆ. ತಾರಸಿಗೆ ಹೋಗಿ ಡಯಲ್ಲನ್ನು ಆಕಾಶಕ್ಕೆ ಮುಖ ಮಾಡಿ, ಅಲುಗಾಡಿಸದೆ ಹಿಡಿಯಿರಿ.

ಜಿಪಿಎಸ್ ವಾಚು ಸರಿಯಾಗಿ 18 ಸೆಕೆಂಡು ಮುಂದಿದ್ದರೆ ಗಾಬರಿ ಬೇಡ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಲೋಕದ ಸಮಯಕ್ಕೆ (ಯುಟಿಸಿ) ಆಗಾಗ ಕೂಡಿಸುವ ಅಧಿಕ ಸೆಕೆಂಡುಗಳನ್ನು ಜಿಪಿಎಸ್ ಗಡಿಯಾರ ಸೇರಿಸಿಕೊಳ್ಳುವುದಿಲ್ಲ. 2017ರ ಜನವರಿ 1ರಿಂದ ಅದು ಲೋಕದ ಸಮಯಕ್ಕಿಂತ 18 ಸೆಕೆಂಡು ಮುಂದಿದೆ. ಎಷ್ಟು ಕಳೆಯಬೇಕು ಎಂಬ ಮಾಹಿತಿಯನ್ನು ಉಪಗ್ರಹ 12.5 ನಿಮಿಷಕ್ಕೊಮ್ಮೆ ಮಾತ್ರ ಕಳಿಸುತ್ತದೆ. ಚಾರ್ಜು ಪೂರ್ತಿ ಇಳಿದು ಅಥವಾ ರೀಸೆಟ್ ಆಗಿ ವಾಚು ಅದನ್ನು ಮರೆತಿದ್ದರೆ, ಬಯಲಲ್ಲಿ ಕಾಲು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಇಡಬೇಕಾಗಬಹುದು.

ಇನ್ನು ಯುರೋಪು, ಅಮೆರಿಕ, ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ರೇಡಿಯೊ ವಾಚಿನಷ್ಟು ನಿಶ್ಚಿಂತೆಯದು ಬೇರೊಂದಿಲ್ಲ. ಕೊಳ್ಳುವಾಗ ಒಂದು ಎಚ್ಚರ: ಜಪಾನಿನಲ್ಲಿ ಮಾರುವ ಎಷ್ಟೋ ಮಾಡೆಲ್ಲುಗಳು ಅಲ್ಲಿನ ಎರಡು ಕೇಂದ್ರಗಳನ್ನಷ್ಟೇ ಹಿಡಿಯುತ್ತವೆ. ಯಾವ ಕೇಂದ್ರಗಳು ಎಂದು ಕೈಪಿಡಿಯಲ್ಲಿ ಓದಿಯೇ ದುಡ್ಡು ಕೊಡಿ. ಬಳಸುವಾಗ ಹೋಮ್ ಸಿಟಿ (ನೀವಿರುವ ಊರೆಂದು ವಾಚಿನಲ್ಲಿ ಆರಿಸುವ ನಗರ) ಸರಿಯಾಗಿರಲಿ. ವಾಚು ಯಾವ ಕೇಂದ್ರವನ್ನು ಹುಡುಕಬೇಕು ಎಂದು ತಿಳಿಯುವುದು ಅದರಿಂದಲೇ. ರಾತ್ರಿ ಕಿಟಕಿಯ ಪಕ್ಕ, 12ರ ಅಂಕೆ ಕಿಟಕಿಯ ಕಡೆ ಇರುವಂತೆ ಇಡಿ. ಫೋನ್ ಚಾರ್ಜರ್, ಎಲ್ಇಡಿ ದೀಪ, ಟಿವಿ, ಕಬ್ಬಿಣದ ಕಪಾಟು ದೂರವಿರಲಿ. ಸಂಕೇತ ಸೆಕೆಂಡಿಗೆ ಒಂದೊಂದೇ ಬಿಟ್ ಬರುತ್ತದೆ, ಒಂದು ಪೂರ್ಣ ಸಂದೇಶಕ್ಕೆ ಒಂದು ನಿಮಿಷ. ನಡುವೆ ಗದ್ದಲ ಬಂದು ಒಂದೆರಡು ಬಿಟ್ ಕೆಟ್ಟರೆ ಆ ನಿಮಿಷವೇ ಹೋಯಿತು. ಹಗಲಲ್ಲಿ ಸಿಗದ ಸಂಕೇತ ನಡುರಾತ್ರಿ ಸಿಗುವುದು, ಅಲೆಯನ್ನು ಹೀರಿಕೊಳ್ಳುವ ಅಯಾನುಗೋಳದ (ವಾಯುಮಂಡಲದ ಮೇಲ್ಭಾಗದ ವಿದ್ಯುತ್ ಕಣಗಳ ವಲಯ) ಕೆಳಪದರ ಆಗ ಕರಗಿರುವುದರಿಂದ.

ರೇಡಿಯೊ ವಾಚು ಈಗಾಗಲೇ ಇದ್ದು ಊರಿಗೆ ಮರಳಿದವರಿಗೂ ಒಂದು ಉಪಾಯವಿದೆ. ಜೆಜೆವೈ ಸಂಕೇತವನ್ನು ಅನುಕರಿಸುವ ಫೋನ್ ಆ್ಯಪ್‌ಗಳು ಸಿಗುತ್ತವೆ. ಅವು 13.3 ಕಿಲೋಹರ್ಟ್ಸ್‌ನ ಸದ್ದು ನುಡಿಸುತ್ತವೆ. ಅದರ ಮೂರುಪಟ್ಟಾದ 40 ಕಿಲೋಹರ್ಟ್ಸ್‌ನ ಕಾಂತ ಅಲೆ ಸ್ಪೀಕರಿನ ಸುರುಳಿಯಿಂದ ಸೋರಿ ವಾಚಿನ ಆಂಟೆನಾಕ್ಕೆ ತಾಗುತ್ತದೆ. ಹೋಮ್ ಸಿಟಿಯನ್ನು ಟೋಕಿಯೊ ಮಾಡಿ, ಆ್ಯಪ್ ಜಪಾನ್ ಸಮಯವನ್ನೇ ಕಳಿಸಲಿ. ವಾಲ್ಯೂಮ್ ಪೂರ್ತಿ ಏರಿಸಿ, ಮುಳ್ಳಿಲ್ಲದ ಡಿಜಿಟಲ್ ವಾಚನ್ನು ಸ್ಪೀಕರಿಗೆ ಅಥವಾ ತಂತಿಯ ಇಯರ್‌ಫೋನಿಗೆ ತಾಗಿಸಿಟ್ಟು ಕೈಯಾರೆ ರಿಸೀವ್ ಶುರು ಮಾಡಿ. ಹಲವು ನಿಮಿಷ ಬಿಡಿ. ಆಮೇಲೆ ಹೋಮ್ ಸಿಟಿ ದೆಹಲಿಗೆ ತಂದರೆ ಮೂರೂವರೆ ಗಂಟೆ ಹಿಂದಕ್ಕೆ ಸರಿದು ಸೆಕೆಂಡು ಹಾಗೇ ಉಳಿಯುತ್ತದೆ. ಬ್ಲೂಟೂತ್ ಇಯರ್‌ಫೋನಿನಿಂದ ಇದು ಆಗುವುದಿಲ್ಲ. ದೆಹಲಿ ಹಾಕಿಕೊಂಡೇ ಪ್ರಯತ್ನಿಸಿದರೆ ವಾಚು ಹುಡುಕುವುದೇ ಇಲ್ಲ.

ಯಾವ ಸಂಕೇತವೂ ಬೇಡ ಎಂದರೆ ಉಷ್ಣಾಂಶಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಕ್ವಾರ್ಟ್ಜ್ ಇದೆ. ಲಾಂಜೀನ್ ವಿಎಚ್‌ಪಿ ವರ್ಷಕ್ಕೆ 5 ಸೆಕೆಂಡು, ಗ್ರ್ಯಾಂಡ್ ಸೀಕೊ 9ಎಫ್ 10 ಸೆಕೆಂಡು, ಸಿಟಿಜನ್ 2019ರಲ್ಲಿ ತಂದ ಕ್ಯಾಲಿಬರ್ 0100 (ವಾಚಿನೊಳಗಿನ ಯಂತ್ರದ ಹೆಸರು) ವರ್ಷಕ್ಕೆ ಒಂದೇ ಸೆಕೆಂಡು ತಪ್ಪುತ್ತವೆ, ಅಷ್ಟೇ. ಮನಸೋಲುವಂಥ ಕೆಲಸಗಾರಿಕೆ, ದುಬಾರಿ.

ಸೋಲಾರ್ ವಾಚನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಚಾರ್ಜ್ ಇಳಿದರೆ ಮೊದಲು ನಿಲ್ಲುವುದೇ ಸಮಯ ಹುಡುಕುವ ಕೆಲಸ. ಸೆಲ್ ಬದಲಿಸುವಾಗ ಜಿಡಬ್ಲ್ಯು-ಎಂ5610ಕ್ಕೆ ಬೇಕಾದ್ದು ಮರುಚಾರ್ಜ್ ಆಗುವ ಸಿಟಿಎಲ್1616. ಅದೇ ಅಳತೆಯ ಸಿಆರ್1616 ಹಾಕಿದರೆ ಸೆಲ್ ಸೋರಿ ಯಂತ್ರ ಹಾಳಾಗಬಹುದು.

ಪರೀಕ್ಷಿಸಲು ಡಿಟಿಎಚ್ ಟಿವಿಯ ಗಡಿಯಾರ, ಆ್ಯಪ್‌ನಲ್ಲಿ ಕೇಳುವ ಆಕಾಶವಾಣಿಯ ಬೀಪ್ ನಂಬಬೇಡಿ; ಅವು ಕೆಲವು ಸೆಕೆಂಡು ತಡವಾಗಿ ಬರುತ್ತವೆ. ಟೈಮ್ ಡಾಟ್ ಈಸ್ ತೆರೆದ ಪರದೆಯ ಪಕ್ಕ ವಾಚಿಟ್ಟು ವಿಡಿಯೊ ಮಾಡಿ, ಒಂದೊಂದೇ ಫ್ರೇಮ್ ನೋಡಿ. ಮುಳ್ಳಿನ ವಾಚು ಸಿಂಕ್ ಆದಮೇಲೂ ತಪ್ಪು ತೋರಿಸಿದರೆ ಒಳಗಿನ ಸಮಯ ಸರಿಯಿದ್ದು ಮುಳ್ಳು ಸರಿದಿರಬಹುದು. ಪೆಟ್ಟು ಅಥವಾ ಆಯಸ್ಕಾಂತ, ಅದರಲ್ಲೂ ಬ್ಯಾಗಿನ ಗುಂಡಿ, ಸ್ಪೀಕರು ಇದಕ್ಕೆ ಕಾರಣ. ಕೈಪಿಡಿಯಲ್ಲಿ ಹೇಳಿದಂತೆ ಮುಳ್ಳುಗಳ ಮೂಲಸ್ಥಾನ ಸರಿಪಡಿಸುವ ಕ್ರಮಕ್ಕೆ ಹೋಗಿ ಎಲ್ಲವನ್ನೂ 12ಕ್ಕೆ ತಂದು, ಮತ್ತೊಮ್ಮೆ ಸಿಂಕ್ ಮಾಡಿ.