ಹೊಲಿಗೆ ಲೈನಿನಲ್ಲಿ ತೃಪ್ತಿ, ಆತ್ಮವಿಶ್ವಾಸ, ಬದ್ಧತೆ: ಹೊಸ ಸೂಪರ್‌ವೈಸರ್‌ಗಳು ಗಮನಿಸಬೇಕಾದದ್ದು

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಸದಾಗಿ ಸೂಪರ್‌ವೈಸರ್ ಆದವರು ಮೊದಲು ಬಿಡಬೇಕಾದ ನಂಬಿಕೆಯೆಂದರೆ, ಟೈಲರ್‌ಗಳು ಖುಷಿಯಾಗಿದ್ದರೆ ಟಾರ್ಗೆಟ್ ತಾನಾಗಿಯೇ ಮುಟ್ಟುತ್ತದೆ ಎಂಬುದು. 2001ರಲ್ಲಿ ಸಂಶೋಧಕ ತಿಮೊತಿ ಜಡ್ಜ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಉದ್ಯೋಗ ತೃಪ್ತಿಗೂ ಕಾರ್ಯಕ್ಷಮತೆಗೂ ಇರುವ ಸಹಸಂಬಂಧ ಸುಮಾರು 0.30 (ಪೂರ್ತಿ ನಂಟಿದ್ದರೆ 1) ಎಂದು ಕಂಡುಬಂತು. ನಂಟು ಇದೆ, ಆದರೆ ಬಿಗಿಯಾದುದಲ್ಲ. ಕೆಲಸ ಚೆನ್ನಾಗಿ ಸಾಗಿದ ಮೇಲೆಯೇ ತೃಪ್ತಿ ಹುಟ್ಟುವುದೂ ಉಂಟು.

ಆದ್ದರಿಂದ ಕೆಲಸದಿಂದಲೇ ಆರಂಭಿಸಿ. ಕಾಲರ್ ಹೊಲಿಯುವವರು ಗಂಟೆಗೆ 60 ಪೀಸ್ ಕೊಡಬೇಕಾದಲ್ಲಿ 40 ಕೊಡುತ್ತಿದ್ದರೆ, ಗದರುವ ಮೊದಲು ಅರ್ಧ ಗಂಟೆ ಮೆಷಿನ್ ಪಕ್ಕದಲ್ಲಿ ನಿಂತು ನೋಡಿ: ದಾರ ಎಷ್ಟು ಸಲ ಕಡಿಯಿತು, ಬಂಡಲ್ ಬರಲು ಎಷ್ಟು ಹೊತ್ತು ಕಾದರು, ಮೊಂಡಾದ ಸೂಜಿ ಬದಲಿಸಲು ಮೆಕ್ಯಾನಿಕ್ ಯಾವಾಗ ಬಂದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಸಂಬಳ, ಮೇಲ್ವಿಚಾರಣೆ, ಕೆಲಸದ ಸ್ಥಳದ ಸ್ಥಿತಿ ಇವು ಕೆಟ್ಟರೆ ಅತೃಪ್ತಿ ಮೂಡುತ್ತದೆ, ಸರಿಯಿದ್ದ ಮಾತ್ರಕ್ಕೆ ತೃಪ್ತಿ ಬರುವುದಿಲ್ಲ ಎಂದು ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಶೌಚಾಲಯಕ್ಕೆ ಹೋಗಲು ಅನುಮತಿ ಬೇಡಿಸುವ ಲೈನಿನಲ್ಲಿ ಆಯುಧಪೂಜೆಯ ಸಿಹಿ ಹಂಚಿ ಉಪಯೋಗವಿಲ್ಲ.

ಆತ್ಮವಿಶ್ವಾಸಕ್ಕೆ ಎಲ್ಲಕ್ಕಿಂತ ಬಲವಾದ ಆಧಾರ ಸ್ವಂತ ಕೈಯಿಂದ ಪಡೆದ ಯಶಸ್ಸು ಎಂಬುದು 1977ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮಂಡಿಸಿದ ವಿಚಾರ. ಹೆಲ್ಪರ್ ಆಗಿದ್ದವರನ್ನು ಒಮ್ಮೆಗೇ ಕಾಲರ್‌ಗೆ ಕೂರಿಸದೆ, ಮೊದಲು ನೇರ ಹೊಲಿಗೆ, ಆಮೇಲೆ ಜೇಬು, ಅದು ಹದಕ್ಕೆ ಬಂದ ಮೇಲೆ ಕಾಲರ್ ಎಂದು ಮುಂದುವರಿಸಿ. ಅವರ ಲೆಕ್ಕವನ್ನು ಪಕ್ಕದವರೊಡನೆ ಹೋಲಿಸದೆ ಅವರದೇ ನಿನ್ನೆಯ ಲೆಕ್ಕದೊಡನೆ ಹೋಲಿಸಿ. ಆಲ್ಟರೇಷನ್‌ಗೆ (ಮತ್ತೆ ಸರಿಪಡಿಸಲು) ಬಂದ ಪೀಸನ್ನು ಲೈನಿಗೆಲ್ಲ ಕೇಳುವಂತೆ ಕೂಗಿ ಎಸೆಯದೆ, ತಪ್ಪಿದ ಹೊಲಿಗೆಯ ಮೇಲೆ ಬೆರಳಿಟ್ಟು ತೋರಿಸಿ.

ಬದ್ಧತೆಯ ವಿಷಯದಲ್ಲಿ ಹಾಜರಿ ಪುಸ್ತಕವನ್ನು ನಂಬಬೇಡಿ. ಜನ ಉಳಿಯುವುದು ಇಷ್ಟದಿಂದಲೋ, ಬಿಟ್ಟರೆ ನಷ್ಟವೆಂದೋ, ಋಣಭಾವದಿಂದಲೋ ಎಂದು ಸಂಶೋಧಕರಾದ ಮೇಯರ್ ಮತ್ತು ಆಲನ್ 1991ರಲ್ಲಿ ಮೂರು ಬಗೆ ಗುರುತಿಸಿದರು. ಗ್ರ್ಯಾಚುಯಿಟಿಗೆ 5 ವರ್ಷ ತುಂಬಲಿ ಎಂದು ಕಾಯುತ್ತಿರುವವರೂ ಕೆಲಸದಲ್ಲಿ ಮನಸ್ಸಿಟ್ಟವರೂ ಒಂದೇ ಹೊತ್ತಿಗೆ ಪಂಚ್ ಮಾಡುತ್ತಾರೆ. ವ್ಯತ್ಯಾಸ ತಿಳಿಯುವುದು ಬಟ್ಟೆಯಲ್ಲಿ ದೋಷ ಕಂಡಾಗ. ಮನಸ್ಸಿಟ್ಟವರು ಹೊಲಿಯುವುದನ್ನು ನಿಲ್ಲಿಸಿ ನಿಮ್ಮನ್ನು ಕರೆಯುತ್ತಾರೆ. ಹಾಗೆ ಕರೆದವರಿಗೆ ತಡವಾದ ಪೀಸುಗಳ ಲೆಕ್ಕ ಕೇಳಿದಿರೋ, ಮುಂದಿನ ಸಲ ಅವರೂ ಸುಮ್ಮನೆ ಹೊಲಿದುಬಿಡುತ್ತಾರೆ.