ಟ್ಯಾರಂಟುಲಾ ಕೊಳ್ಳುವ ಮುಂಚೆ ಪೊರೆ ಕೇಳಿ

ಟ್ಯಾರಂಟುಲಾ ಜೇಡಕ್ಕೆ ‘ಹೆಣ್ಣು’ ಅಂತ ಜಾಸ್ತಿ ದುಡ್ಡು ಕೇಳಿದರೆ, ಅದು ಕೊನೆಯ ಸಲ ಕಳಚಿದ ಪೊರೆಯನ್ನು ಮೊದಲು ಕೇಳಿ ಪಡೆಯಿರಿ. ಪಾತ್ರೆ ತೊಳೆಯುವ ಸೋಪು ಒಂದು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮುದುಡಿದ ಹೊಟ್ಟೆಯ ಭಾಗವನ್ನು ಸಣ್ಣ ಕುಂಚದಿಂದ ಮೆಲ್ಲಗೆ ಬಿಡಿಸಿ. ಒಳಗೆ ನಾಲ್ಕು ಬಿಳಿ ಮಚ್ಚೆ ಕಾಣುತ್ತವೆ, ಉಸಿರಾಟದ ಅಂಗಗಳವು. ತಲೆಯ ಕಡೆಗಿರುವ ಎರಡರ ನಡುವೆ ಪುಟ್ಟದಾಗಿ ಮಡಿಚಿದ ಪದರವೋ ಜೋಡಿ ಕೊಂಬಿನಂಥದ್ದೋ ಎದ್ದು ನಿಂತಿದ್ದರೆ ಹೆಣ್ಣು. ಬೆಲೆ ಏರುವುದು ಮುಖ್ಯವಾಗಿ ಇದಕ್ಕೇ: ಮೆಕ್ಸಿಕೋದ ಕೆಂಪು ಮಂಡಿಯ ಜಾತಿಯಲ್ಲಿ ಹೆಣ್ಣು 20 ವರ್ಷ ದಾಟಿ ಬದುಕುತ್ತದೆ, ಗಂಡು ಪ್ರಾಯಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಒಂದೆರಡು ವರ್ಷ ಅಷ್ಟೇ. ಬೆಳೆಯುವುದೂ ನಿಧಾನ, ಸಾಕಿದವರ ವರ್ಷಗಳ ಖರ್ಚು ಬೆಲೆಗೆ ಸೇರದೆ ಇರುತ್ತಾ? ಅದಕ್ಕೇ ಮರಿ ಅಗ್ಗ, ದೊಡ್ಡ ಹೆಣ್ಣು ದುಬಾರಿ. ತೀರಾ ಸಣ್ಣ ಮರಿಯ ಪೊರೆಯಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಹೊಟ್ಟೆಯ ಭಾಗ ಹರಿದಿದ್ದರೂ ಅಷ್ಟೇ. ಕೆಲವು ಗಂಡುಗಳಲ್ಲೂ ಅಲ್ಲೇ ಸಣ್ಣ ಗುರುತಿದ್ದು ಮೋಸವಾಗುತ್ತದೆ, ಅನುಮಾನ ಬಂದರೆ ಮುಂದಿನ ಪೊರೆಗೆ ಕಾಯಿರಿ. ನಮ್ಮ ಮಡಿಕೇರಿ ಮಳೆಗಾಲದಲ್ಲಂತೂ ಪೊರೆಗೆ ಬೇಗ ಬೂಷ್ಟು ಹಿಡಿಯುತ್ತದೆ, ಡಬ್ಬಿಯಲ್ಲಿ ಬಿಡದೆ ತೆಗೆದು ಒಣಗಿಸಿಡಿ. ಇನ್ನೊಂದು, ಕಾಗದಪತ್ರವಿಲ್ಲದ್ದು ಅಗ್ಗಕ್ಕೆ ಸಿಕ್ಕಿದರೂ ಬೇಡ. ಕೆಂಪು ಮಂಡಿಯದ್ದು ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿ. ತೋಟದ ಮರದ ಪೊಟರೆಯಲ್ಲಿ ಕಂಡದ್ದನ್ನೂ ಸುಮ್ನೆ ಬಿಟ್ಟುಬಿಡಿ, ಪಶ್ಚಿಮ ಘಟ್ಟದ ಮರಗಳಲ್ಲಿರುವ ಪೊಯೆಸಿಲೋಥೇರಿಯಾ ಎಂಬ ಟ್ಯಾರಂಟುಲಾ ಜೇಡಗಳೂ 2019ರಲ್ಲಿ ಅದೇ ಪಟ್ಟಿಗೆ ಸೇರಿವೆ.